ಬೇಡ ಎನ್ನುವ ಅಭ್ಯಾಸ

ಗೇಟು, ಗ್ರಿಲ್ಲು ಮಾಡುವ ಈ ವೆಲ್ಡರನಿಗೆ ಬೀದಿಯವರು ಇಟ್ಟ ಹೆಸರು ಕಿಡಿಯಣ್ಣ. ಹೆಸರು ಕೆಲಸದಿಂದ ಬಂದದ್ದೋ ಬಾಯಿಯಿಂದ ಬಂದದ್ದೋ ಎಂದು ಎದುರಿಗೆ ಕೇಳುವ ಎದೆ ಯಾರಿಗೂ ಇರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಶೆಡ್ಡು ಸೇರಿದವನು, ಕಬ್ಬಿಣವನ್ನೂ ಮನುಷ್ಯರನ್ನೂ ಒಂದೇ ದನಿಯಲ್ಲಿ ಮಾತಾಡಿಸುತ್ತಿದ್ದ.

ಅವನ ಒಬ್ಬಳೇ ಮಗಳು ನರ್ಸಿಂಗ್ ಓದುವಾಗ ಜೊತೆಗಿದ್ದ ಭೂತಾನದ ಹುಡುಗನನ್ನು ಮೆಚ್ಚಿ, ಅವನ ಊರಿನಲ್ಲೇ ಕೆಲಸ ಹಿಡಿದಿದ್ದಳು. ಈಗ ಮದುವೆ ಮಾತಿಗೆ ಹೆತ್ತವರು ಅಲ್ಲಿಗೆ ಹೋಗಬೇಕು. ಮಗಳು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಅಪ್ಪಾ, ಇಲ್ಲಿನ ರೀತಿ ಕಲಿತ್ರೆ ನೀವೂ ಬನ್ನಿ. ಇಲ್ಲಾಂದ್ರೆ ಅಮ್ಮ ಒಬ್ಬಳೇ ಬರ್ಲಿ. ಅವರ ಮನೇಲಿ ನೀವು ಒಂದ್ಸಲ ಕೂಗಾಡಿದ್ರೆ ನನ್ನ ಮದುವೆ ಕತೆ ಮುಗೀತು."

ಶೆಡ್ಡಿನಲ್ಲಿ ಒಂದು ಸುತ್ತಿಗೆ ಹಾರಿತು. ಸಂಜೆ ಹೊತ್ತಿಗೆ ಕಿಡಿಯಣ್ಣ ಕೈಕಾಲು ತೊಳೆದು ಫೋನಿನ ಮುಂದೆ ಕೂತಿದ್ದ.

ವಿಡಿಯೊ ಕಾಲಿನಲ್ಲಿ ಮಗಳು ಒಂದೊಂದೇ ಚಿತ್ರ ತೋರಿಸಿದಳು. ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಯಾರ ಕಡೆಗೂ ಬೆರಳು ತೋರಿಸಬಾರದು, ಅಂಗೈ ಚಾಚಬೇಕು. ಕಡಿದಾದ ಬಂಡೆಗೆ ಅಂಟಿಸಿದ ಹಾಗೆ ಕಟ್ಟಿದ ಮಠ ಬಂದಾಗ ಅವನು ಫೋನನ್ನು ಮೂಗಿನ ಹತ್ತಿರ ಹಿಡಿದ.

"ರೇಲಿಂಗ್ ಹಾಕಿದಾರೆ ತಾನೆ? ಯಾರು ಹಾಕಿದ್ದು?"

"ಅಪ್ಪಾ, ಮೊದಲು ಕೈ ಮುಗೀರಿ. ಆಮೇಲೆ ರೇಲಿಂಗ್ ನೋಡಿ."

ಕೊನೆಗೆ ಊಟದ ಪಾಠ. ಅಲ್ಲಿ ಮೆಣಸಿನಕಾಯಿಯೇ ತರಕಾರಿ. ಅದನ್ನು ಚೀಸಿನಲ್ಲಿ ಬೇಯಿಸಿದ ಎಮಾ ದತ್ಶಿಯನ್ನು ಕೆಂಪಕ್ಕಿ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಬಡಿಸಲು ಬಂದ ಕೂಡಲೇ ತಟ್ಟೆ ಒಡ್ಡಿದರೆ ಚೆನ್ನಾಗಿರುವುದಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು "ಮೆಶು ಮೆಶು" ಅನ್ನಬೇಕು, ಅಂದರೆ ಬೇಡ ಎಂದು. ಮನೆಯವರು ಬಿಡದೆ ಮತ್ತೆ ಕೇಳುತ್ತಾರೆ. ಎರಡನೆಯದಕ್ಕೋ ಮೂರನೆಯದಕ್ಕೋ ಒಪ್ಪಿಕೊಳ್ಳಬೇಕು.

"ಇಷ್ಟೇನಾ?" ಎಂದ ಕಿಡಿಯಣ್ಣ.

ಅಭ್ಯಾಸಕ್ಕೆಂದು ಹೆಂಡತಿ ಮೆಣಸಿನಕಾಯಿ, ಚೀಸು ಬೇಯಿಸಿ ತಂದಳು. ಅವನು ಬಾಯಿಗೆ ಕೈ ಅಡ್ಡ ಇಟ್ಟು "ಮೆಶು ಮೆಶು" ಅಂದ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹೋದವಳು ಬರಲಿಲ್ಲ. ಆ ಮನೆಯಲ್ಲಿ ಅವನು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಮದುವೆಯಾದ ಹೊಸತರಲ್ಲಿ ಅವಳು ಎರಡನೇ ಸಲ ಕೇಳಿದ್ದಕ್ಕೆ ಸ್ಟೀಲ್ ತಟ್ಟೆ ಗೋಡೆಗೆ ಬಡಿದಿತ್ತು. ನೆಗ್ಗಿದ್ದನ್ನು ಅವನೇ ತಟ್ಟಿ ನೆಟ್ಟಗೆ ಮಾಡಿದ್ದ. ಆದರೂ ಆ ತಟ್ಟೆ ಇವತ್ತಿಗೂ ಮೇಜಿನ ಮೇಲೆ ಅಲುಗಾಡುತ್ತದೆ. ಈಗ ಅವನ ಮುಂದಿದ್ದುದೂ ಅದೇ.

"ಏ, ಎಲ್ಲೋದೆ? ಮತ್ತೆ ಕೇಳೇ!"

"ಕೇಳಿದ್ರೆ ಬೈತೀರಲ್ಲ," ಎಂದಳು ಒಳಗಿನಿಂದ.

"ಬೈಯಲ್ಲ ಅಂತ ಹೇಳ್ತಿದೀನಲ್ಲ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು.

"ಅಮ್ಮಾ, ನಿನ್ನ ಟಿಕೆಟ್ ಒಂದೇ ಮಾಡಿಸ್ತೀನಿ," ಎಂದಳು ಮಗಳು ಫೋನಿನಲ್ಲಿ.

ಕಿಡಿಯಣ್ಣನ ಬಾಯಿ ತೆರೆಯಿತು. ಅದರ ಮೇಲೆ ಅವನೇ ಕೈ ಇಟ್ಟುಕೊಂಡ. ತೆಗೆಯಲಿಲ್ಲ.

ಹೆಂಡತಿ ಬಾಗಿಲ ಬಳಿ ನಿಂತು ನೋಡಿದಳು. ಮೆಲ್ಲಗೆ ಬಂದು, ಒಂದು ಮಾರು ದೂರದಿಂದಲೇ ಕೇಳಿದಳು: "ಸ್ವಲ್ಪ ಹಾಕ್ಲಾ?"

ಅವನು ಕೈಯ ಹಿಂದಿನಿಂದ "ಮೆಶು" ಅಂದ. ಅವಳು ಕದಲಲಿಲ್ಲ. ಮೂರನೇ ಸಲ ಕೇಳುವಾಗ ಹತ್ತಿರ ಬಂದಿದ್ದಳು. ಅವನು ತಟ್ಟೆ ಮುಂದೆ ಸರಿಸಿದ.

ಎರಡು ತುತ್ತಿಗೆ ಕಣ್ಣು ಮೂಗೆಲ್ಲ ಸೋರತೊಡಗಿತು. ಬೈಗುಳ ಗಂಟಲವರೆಗೆ ಬಂದು ಮೆಣಸಿನಕಾಯಿಯ ಜೊತೆ ವಾಪಸು ಹೋಯಿತು.

"ಇಬ್ಬರಿಗೂ ಮಾಡ್ಸು," ಎಂದು ಅವಳು ಮಗಳಿಗೆ ಹೇಳಿ, ಗಂಡನ ಕಡೆ ತಿರುಗಿದಳು. "ಇನ್ನೊಂದು ಸೌಟು?"

"ಬೇಡ ಕಣೇ, ನಿಜವಾಗ್ಲೂ ಬೇಡ!"

ತಟ್ಟೆ ಅಲುಗಾಡದಂತೆ ಒಂದು ಕೈಯಲ್ಲಿ ಹಿಡಿದು, ಅವಳು ಬಡಿಸಿಯೇ ಬಿಟ್ಟಳು.