ವಶರಾಮಭಾಯಿಯ ಸವೆದ ಬೆರಳು

ಸೂರತ್ತಿನ ಆ ವಜ್ರದ ಕಾರ್ಖಾನೆಯ ಲೆಕ್ಕವೆಲ್ಲ ದೂರದ ಸರ್ವರ್‌ಗೆ ಹೋಗಿತ್ತು. ಯಾವ ಕಂಪ್ಯೂಟರಿನ ಮುಂದೆ ಕೂತರೂ ಬೆರಳೊತ್ತಿದರೆ ಅವರವರ ಪರದೆ ತೆರೆಯುವಂತೆ, ಕಂಪ್ಯೂಟರ್ ನೋಡಿಕೊಳ್ಳುವ ಹೇತಲ್‌ಬೆನ್ ಏರ್ಪಾಡು ಮಾಡಿದ್ದಳು. ಮೇಸ್ತ್ರಿ ವಶರಾಮಭಾಯಿಗೆ ಮಾತ್ರ ತೆರೆಯಲಿಲ್ಲ. ಸಾಣೆ ಹಿಡಿದೂ ಹಿಡಿದೂ ಅವರ ಬೆರಳ ಗೆರೆಗಳೇ ಸವೆದಿದ್ದವು.

“ಕಲ್ಲಿಗೆ ಹೊಳಪು ಕೊಟ್ಟು ನಾನೇ ಅಳಿಸಿಹೋದೆ. ಮನೆಗೆ ಹೋಗ್ಲಾ ಬೇಟಾ?”

“ನೀವಿಲ್ದೆ ಇಲ್ಲೇನು ನಡೆಯುತ್ತೆ ಕಾಕಾ, ಕೂತ್ಕೊಳ್ಳಿ,” ಎಂದು ಹೇತಲ್ ಪಾಸ್‌ವರ್ಡ್ ಕೊಟ್ಟಳು. ಬಾಯಿಮಾತಿನ ಮೇಲೆ ವಜ್ರ ಕೈಬದಲಾಗುವ ಬಜಾರಿನಲ್ಲಿ ಬೆಳೆದವರಿಗೆ ಗುಟ್ಟೆಲ್ಲಿಯದು? ಮಧ್ಯಾಹ್ನದೊಳಗೆ ಆ ಪಾಸ್‌ವರ್ಡ್ ಚಹಾದವನಿಗೂ ಬಾಯಿಪಾಠವಾಗಿತ್ತು.

“ಡಂಗುರ ಹೊಡೆಸೋದೊಂದು ಬಾಕಿ ಕಾಕಾ,” ಎಂದ ಹೇತಲ್, ಪಾಸ್‌ವರ್ಡಿನ ಬದಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಕೀಲಿಯೊಂದನ್ನು ಅವರ ಅಂಗೈಯಲ್ಲಿಟ್ಟಳು.

ವಶರಾಮಭಾಯಿ ಅದನ್ನು ವಜ್ರದಂತೆ ಕಾಗದದಲ್ಲಿ ಮಡಿಸಿ ಒಳಜೇಬಿಗಿಳಿಸಿದರು. ಆ ಜೇಬಿನಿಂದ ಈವರೆಗೆ ಒಂದು ಹರಳೂ ಕಳೆದಿರಲಿಲ್ಲ.

“ಮೊದಲೇ ಮಾಲು ಕೊಡಬಾರದಿತ್ತಾ? ಮಾತು ಊರಿಂದು ಬೇಟಾ, ಮಾಲು ಜೇಬಿಂದು.”