ಗುಡುಗಿನ ಹೊತ್ತಿಗೆ ಇಟ್ಟ ಅಪ್‌ಡೇಟ್

ಆಗ ನಾನು ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಬಾಯಾರು, ದೇಲಂಪಾಡಿಗಳಲ್ಲಿದ್ದ ನಮ್ಮ ಕ್ಲಿನಿಕ್ಕುಗಳ ಯಂತ್ರಗಳನ್ನೂ ನನ್ನ ಮೇಜಿನಿಂದಲೇ ನಿರ್ವಹಿಸುವ ಸಾಫ್ಟ್‌ವೇರ್ ತಂದಾಗ ಮಾರುವವರು ಕೇಳಿದರು: ತಿಂಗಳು ತಿಂಗಳು ಹೊಸ ಅಪ್‌ಡೇಟ್ ಬೇಕೋ, ಇಲ್ಲ ಒಂದೇ ಆವೃತ್ತಿ ವರ್ಷಗಟ್ಟಲೆ ಇದ್ದು ಅಗತ್ಯದ ರಿಪೇರಿ ಮಾತ್ರ ಬಂದರೆ ಸಾಕೋ? ಹಳತಕ್ಕೆ ಅಂಟಿಕೊಂಡವನೆಂದು ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ತಿಂಗಳಿನದಕ್ಕೆ ಸಹಿ ಹಾಕಿದೆ. ರೋಗಿಗಳು ಕಡಿಮೆ ಇರುತ್ತಾರೆಂದು ಅಪ್‌ಡೇಟ್ ನಡೆಯಲು ಸಂಜೆ ನಾಲ್ಕು ಗಂಟೆಯನ್ನೂ ನಾನೇ ಗೊತ್ತುಮಾಡಿದೆ.

ನವರಾತ್ರಿ ಕಳೆದ ಮೇಲೆ ನಮ್ಮಲ್ಲಿ ಗುಡುಗುವುದು ಅದೇ ಹೊತ್ತಿಗೆ. ಗುಡುಗು ಕೇಳಿದರೆ ಯಾರೇ ಆಗಲಿ ಮೊದಲು ಓಡಿ ಪ್ಲಗ್ ಕೀಳುತ್ತಾರೆ. ನನ್ನ ಮನೆಯಲ್ಲೂ ಹಾಗೆಯೇ. ಆದರೂ ಈ ಬುದ್ಧಿವಂತನಿಗೆ ಅದು ಹೊಳೆಯಲಿಲ್ಲ.

ಒಂದು ಸಂಜೆ ದೇಲಂಪಾಡಿಯ ಸಿಸ್ಟರ್ ಫೋನ್ ಮಾಡಿದರು.

"ಸಾರ್, ಗುಡುಗಿತು ಅಂತ ಪ್ಲಗ್ ತೆಗೆದೆ. ಈಗ ಪುನಃ ಹಾಕಿದ್ರೆ ಬರೀ ನೀಲಿ ಸ್ಕ್ರೀನ್. ಇಲ್ಲಿ ಒಬ್ರು ಅಜ್ಜಿ ಜ್ವರದಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾರೆ. ಅವ್ರಿಗೆ ಒಂದು ಇಂಜೆಕ್ಷನ್ ಆಗುವುದಿಲ್ಲ ಅಂತ ಕಂಪ್ಯೂಟರಲ್ಲಿ ಬರೆದದ್ದುಂಟು. ಯಾವುದೂಂತ ಅವ್ರ ಮಗನಿಗೂ ಗೊತ್ತಿಲ್ಲ, ಡಾಕ್ಟ್ರು ಹೊಸಬರು. ಎಂತ ಮಾಡುವುದು?"

ಅಪ್‌ಡೇಟ್ ಅರ್ಧದಲ್ಲಿ ಕಡಿದು ಯಂತ್ರ ಸತ್ತಿತ್ತು. ರೋಗಿಗಳ ದಾಖಲೆಯ ಹಿಂದಿನ ದಿನದ ಪ್ರತಿ ನಮ್ಮ ಸರ್ವರಿನಲ್ಲಿ ಇರಬೇಕಿತ್ತು. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಮೂರನೆಯ ಸಲ ತೆರೆದುಕೊಂಡಿತು. ಅಜ್ಜಿಯ ಹೆಸರು ಕೇಳಿ ಅವರ ಹಾಳೆ ಹುಡುಕಿ ಆ ಔಷಧದ ಹೆಸರನ್ನು ಜೋರಾಗಿ ಓದಿದೆ.

ಸಿಸ್ಟರ್ ಆ ಹೆಸರನ್ನು ಡಾಕ್ಟರಿಗೆ ಕೂಗಿ ಹೇಳಿದರು.

"ಡಾಕ್ಟ್ರು ಅದನ್ನೇ ಸಿರಿಂಜಿಗೆ ತುಂಬಿಸಿ ನಿಂತಿದ್ದಾರೆ ಸಾರ್."

ಬೇರೆ ಔಷಧ ಕೊಟ್ಟರು, ಅಜ್ಜಿ ಬದುಕಿದರು. ನನಗೆ ಮಾತ್ರ ಮತ್ತೊಂದು ಹೆದರಿಕೆ ಹಿಡಿಯಿತು. ಮರುದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿ ಯಾರ ತಪ್ಪೆಂದು ವಿಚಾರಿಸಿದಾಗ ಸಿಸ್ಟರ್ ತಾವಾಗಿಯೇ, "ಪ್ಲಗ್ ತೆಗೆದದ್ದು ನಾನು" ಎಂದರು. ಅವರಿಗೆ ಮೆಮೊ ಸಿಕ್ಕಿತು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಕೆಲಸ ಹೋದೀತೆಂದು ಹೆದರಿ, ಆ ಹೊತ್ತನ್ನು ಗೊತ್ತುಮಾಡಿದ್ದು ನಾನೆಂದು ಬಾಯಿ ಬಿಡಲಿಲ್ಲ.

ಮುಂದಿನ ವಾರ ಸದ್ದಿಲ್ಲದೆ ದೀರ್ಘಾವಧಿಯ ಆವೃತ್ತಿಗೆ ಬದಲಾಯಿಸಿದೆ. ಅರ್ಜಿಯಲ್ಲಿ ಕಾರಣ ಕೇಳಿದ್ದ ಕಡೆ "ಸುರಕ್ಷತೆಗಾಗಿ" ಎಂದು ಬರೆದೆ. ಒಳ್ಳೆಯ ನಿರ್ಧಾರವೆಂದು ಮ್ಯಾನೇಜರ್ ಹೊಗಳಿದರು.

ನಾನು ಆ ಕೆಲಸ ಬಿಡುವವರೆಗೂ ಗುಡುಗಿದಾಗಲೆಲ್ಲ ದೇಲಂಪಾಡಿಯಿಂದ ಫೋನ್ ಬರುತ್ತಿತ್ತು.

"ಸಾರ್, ಪ್ಲಗ್ ತೆಗೀಬಹುದಾ? ನಂದೇ ತಪ್ಪಾಗುವುದು ಬೇಡ."

"ತೆಗೀರಿ" ಎನ್ನುತ್ತಿದ್ದೆ. ಅಷ್ಟನ್ನೇ ಹೇಳಿ ಫೋನ್ ಇಡುತ್ತಿದ್ದೆ.