ಕಂಡಕ್ಟರು ಸಹಿ ಹಾಕದ ನಿರ್ಣಯ

ಅವರು ಗಟ್ಟಿ ನೆಲದ ಮೇಲೆ ನಿಂತಾಗಲೂ ಓಡುವ ಬಸ್ಸಿನಲ್ಲಿ ನಿಂತವರ ಹಾಗೆಯೇ ಕಾಣುತ್ತಿದ್ದರು. ಎರಡೂ ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಬಗ್ಗಿಸಿ, ಎಡಗೈಯನ್ನು ಮೇಲೆತ್ತಿ ಅಲ್ಲಿ ಇಲ್ಲದ ಕಂಬಿಯನ್ನು ಹಿಡಿಯಲು ಹೊರಟ ನಿಲುವು. ಶಾಲೆಯಲ್ಲಿ ರಾಷ್ಟ್ರಗೀತೆಗೆ ಎಲ್ಲರೂ ನೆಟ್ಟಗೆ ನಿಂತರೆ ಅವರು ಮಾತ್ರ ಇನ್ನೇನು ತಿರುವು ಬರಲಿದೆ ಎಂಬಂತೆ ನಿಲ್ಲುತ್ತಿದ್ದರು. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಉಡುಪಿಯಿಂದ ಕಟಪಾಡಿ, ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿ ನಿಂತ ದೇಹ ಅದು.

ನಾನು ಉಡುಪಿಯ ಅಂಬಲಪಾಡಿಯವಳು. ಬೆಳ್ಮಣ್ಣಿನ ಆಚೆಗಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದೆ. ಬೆಳಿಗ್ಗೆ ಅವರ ಬಸ್ಸಿನಲ್ಲೇ ಹೋಗುವುದು, ಸಂಜೆ ಅವರ ಬಸ್ಸಿನಲ್ಲೇ ಬರುವುದು. ಮೀನು ಮಾರುವ ಹೆಂಗಸರ ಜತೆ ಅವರು ತುಳುವಿನಲ್ಲಿ ಜಗಳವಾಡುತ್ತಿದ್ದರು, ಶಿರ್ವದಲ್ಲಿ ಹತ್ತುವ ಕ್ರಿಶ್ಚಿಯನ್ ಬಾಯಮ್ಮಗಳ ಜತೆ ಕೊಂಕಣಿಯಲ್ಲಿ ಸುಖದುಃಖ ಮಾತಾಡುತ್ತಿದ್ದರು. ನನ್ನ ಹತ್ತಿರ ಬಂದಾಗ ಮಾತ್ರ ತಿದ್ದಿದಂಥ ಕನ್ನಡ. ನನಗೂ ತುಳು ಬರುತ್ತದೆ ಎಂದು ಒಮ್ಮೆ ಹೇಳಿದ್ದಕ್ಕೆ, "ಗೊತ್ತುಂಟು. ಆದರೆ ಟೀಚರ ಹತ್ತಿರ ಕನ್ನಡ ಮಾತಾಡಿದರೆ ನನಗೂ ಶಾಲೆಗೆ ಹೋದ ಹಾಗೆ ಆಗ್ತದೆ" ಎಂದಿದ್ದರು. ನಾನದನ್ನು ತಮಾಷೆ ಎಂದುಕೊಂಡಿದ್ದೆ.

ಹೊಸದಾಗಿ ಸೇರಿದ ಕ್ಲೀನರುಗಳಿಗೆ ಅವರು ಹೇಳುತ್ತಿದ್ದ ಒಂದು ಮಾತಿತ್ತು. "ಇಳಿಯುವವರನ್ನು ನೋಡು, ಹತ್ತುವವರನ್ನು ನೋಡು. ಎಲ್ಲಕ್ಕಿಂತ ಮೊದಲು ಓಡಿ ಬರುವವರನ್ನು ನೋಡು." ಆಮೇಲೆಯೇ ಸೀಟಿ, ಆಮೇಲೆಯೇ ಹೊರಡು ಎನ್ನುವ "ಪೋಯಿ!"

ಅವರ ಮಗಳು ನಮ್ಮಲ್ಲಿ ಎಂಟನೆಯ ತರಗತಿಗೆ ಸೇರಿದ ವರ್ಷ ಶಾಲಾಭಿವೃದ್ಧಿ ಸಮಿತಿಗೆ ಹೊಸಬರನ್ನು ಆರಿಸಬೇಕಿತ್ತು. ಹೈಸ್ಕೂಲಿನ ಸಮಿತಿಗೆ ಶಾಸಕರೇ ಅಧ್ಯಕ್ಷರು, ಆದರೆ ಸಭೆ ನಡೆಸಿ ಸಹಿ ಹಾಕುವುದು ಹೆತ್ತವರಲ್ಲಿ ಒಬ್ಬರಾದ ಕಾರ್ಯಾಧ್ಯಕ್ಷರು. ಆ ಕೆಲಸ ಯಾರಿಗೂ ಬೇಡವಾಗಿತ್ತು. ಎಲ್ಲರ ಮನೆಯೂ ಗೊತ್ತಿರುವ ಮನುಷ್ಯ ಎಂಬ ಒಂದೇ ಅರ್ಹತೆಯ ಮೇಲೆ ಕಂಡಕ್ಟರನ್ನು ಆರಿಸಿದೆವು. ಅವರು ಎರಡು ಟ್ರಿಪ್ಪಿನ ನಡುವಿನ ಬಿಡುವಿನಲ್ಲಿ ಖಾಕಿ ಅಂಗಿಯಲ್ಲೇ ಸಭೆಗೆ ಬರುತ್ತಿದ್ದರು. ಹೊರಡುವ ಹೊತ್ತಾದರೆ ಯಾರ ಭಾಷಣವಿದ್ದರೂ ಎದ್ದುಬಿಡುತ್ತಿದ್ದರು. ಅವರ ಕಾಲದಲ್ಲಿ ನಮ್ಮ ಸಭೆಗಳಷ್ಟು ಚುಟುಕಾದ ಸಭೆಗಳು ತಾಲೂಕಿನಲ್ಲೇ ಇರಲಿಲ್ಲ.

ಒಂದು ಡಿಸೆಂಬರಿನ ಸಭೆ ಮಾತ್ರ ಹಾಗೆ ಮುಗಿಯಲಿಲ್ಲ.

ಹತ್ತನೆಯ ತರಗತಿಯ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮುಂದಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಆ ಹೆಮ್ಮೆಗೆ ಒಂದು ಭಾರವೂ ಉಂಟು. ನಮ್ಮ ಶಾಲೆಗೆ ಎರಡು ವರ್ಷ ಸತತವಾಗಿ ನೂರಕ್ಕೆ ನೂರು ಬಂದಿತ್ತು. ಮೂರನೆಯ ವರ್ಷವೂ ಬಂದರೆ ಮಣಿಪಾಲದಲ್ಲಿ ಸನ್ಮಾನ, ಫಲಕ. ಕ್ರೀಡೆಯಲ್ಲಿ ನಮ್ಮ ಹುಡುಗಿಯೊಬ್ಬಳು ಗೆದ್ದದ್ದು, ವಿಜ್ಞಾನ ಮೇಳದಲ್ಲಿ ಜಿಲ್ಲೆಗೆ ಬಂದ ಹೆಸರು ಇವನ್ನೆಲ್ಲ ಓದಿ, ಚಪ್ಪಾಳೆ ತಟ್ಟಿ ಆದ ಮೇಲೆ ನಮ್ಮ ಮುಖ್ಯೋಪಾಧ್ಯಾಯರು ಗಂಟಲು ಸರಿಮಾಡಿಕೊಂಡರು. ಕೆಟ್ಟ ಮನುಷ್ಯರಲ್ಲ. ಮೇಲಿನಿಂದ ಬರುವ ಒಂದೊಂದು ಫೋನಿಗೂ ಬೆವರುತ್ತಿದ್ದವರು.

"ಮೂವರು ಮಕ್ಕಳ ಬಗ್ಗೆ ಒಂದು ತೀರ್ಮಾನ ಆಗ್ಬೇಕು. ಈ ವರ್ಷ ಪರೀಕ್ಷೆಗೆ ಕಟ್ಟಿಸುವುದು ಬೇಡ. ಬರುವ ವರ್ಷ ಖಾಸಗಿಯಾಗಿ ಕಟ್ಟಲಿ. ಹೆತ್ತವರಿಂದ ಒಂದು ಪತ್ರ ತೆಗೆದುಕೊಂಡರೆ ಆಯಿತು" ಎಂದರು.

ಪಾಸಾಗುವುದು ಕಷ್ಟ ಎನಿಸಿದ ಆ ಮೂವರ ಪಟ್ಟಿ ಮಾಡಿದವಳು ನಾನು. ನಿರ್ಣಯದ ಕರಡು ಬರೆದವಳೂ ನಾನೇ. ನನ್ನದೇ ಅಕ್ಷರದಲ್ಲಿ ಅದು ಮೇಜಿನ ಮೇಲೆ ಇತ್ತು, ಕಾರ್ಯಾಧ್ಯಕ್ಷರ ಸಹಿಗೆ ಜಾಗ ಬಿಟ್ಟು.

ದುಬೈಯಲ್ಲಿ ದುಡಿದು ಬಂದು ಶಿರ್ವದಲ್ಲಿ ದೊಡ್ಡ ಮನೆ ಕಟ್ಟಿಸಿದ್ದ ಸದಸ್ಯರೊಬ್ಬರು, "ಇದು ಜಿಲ್ಲೆಯ ಮಾನದ ಪ್ರಶ್ನೆ, ಅಲ್ವಾ? ಮೂವರಿಗೋಸ್ಕರ ಐವತ್ತು ಮಕ್ಕಳ ಹೆಸರು ಯಾಕೆ ಹಾಳು ಮಾಡುವುದು?" ಎಂದರು. ಉಳಿದವರು ತಲೆಯಾಡಿಸಿದರು.

ಕಂಡಕ್ಟರು ಹಾಳೆಯನ್ನು ಕೈಗೆತ್ತಿಕೊಂಡರು. "ಹೆಸರು ಓದಿ ಟೀಚರೇ" ಎಂದು ನನಗೇ ಕೊಟ್ಟರು. ನಾನು ಓದಿದೆ. ಒಬ್ಬ ಹುಡುಗ, ಇಬ್ಬರು ಹುಡುಗಿಯರು. ಕೊನೆಯ ಹೆಸರು ಶಾಲಿನಿಯದು. ಮಲಗಿದಲ್ಲೇ ಇದ್ದ ಅಜ್ಜಿಯನ್ನು ನೋಡಿಕೊಳ್ಳುತ್ತ ಅವಳು ಅರ್ಧಕ್ಕರ್ಧ ದಿನ ಶಾಲೆಗೆ ಬರುತ್ತಿರಲಿಲ್ಲ. ಆ ತಿಂಗಳ ಗಣಿತ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಆರು ಅಂಕ.

"ಮೂವರೂ ನಮ್ಮ ಬಸ್ಸಿನವರೇ" ಎಂದರು ಕಂಡಕ್ಟರು. "ಹಿಂದಿನಿಂದ ಬೇರೆ ಬಸ್ಸು ಬರ್ತಾ ಉಂಟು ಅಂತ ಗೊತ್ತಾದರೆ ಕೆಲವು ಡ್ರೈವರುಗಳು ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದ ಮುದುಕಿಯನ್ನು ಬಿಟ್ಟು ಹೋಗ್ತಾರೆ. ಬಸ್ಸು ಸಮಯಕ್ಕೆ ಸರಿಯಾಗಿ ಕಾರ್ಕಳ ಮುಟ್ತದೆ. ಅದಕ್ಕೆ ಒಳ್ಳೆಯ ಹೆಸರೂ ಬರ್ತದೆ. ಮುದುಕಿ ಎಲ್ಲಿ ಮುಟ್ಟಿದಳು ಅಂತ ಯಾರೂ ಕೇಳುವುದಿಲ್ಲ."

"ಬಸ್ಸು ಬೇರೆ, ಶಾಲೆ ಬೇರೆ ಮಾರಾಯ್ರೆ" ಎಂದರು ದುಬೈಯವರು.

"ನನಗೆ ಶಾಲೆಯ ವಿಷಯವೂ ಗೊತ್ತುಂಟು" ಎಂದು ಅವರು ಎದ್ದು ನಿಂತರು. "ನಾನು ಹತ್ತನೇ ಕ್ಲಾಸಿನಲ್ಲಿ ಫೇಲಾದವನು ಅಂತ ನೀವೆಲ್ಲ ತಿಳಿದಿದ್ದೀರಿ. ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನನ್ನನ್ನು ಪರೀಕ್ಷೆಗೇ ಕೂರಿಸಲಿಲ್ಲ. ಅಮ್ಮನನ್ನು ಶಾಲೆಗೆ ಕರೆಸಿದರು. ಈ ವರ್ಷ ಬೇಡ, ಬರುವ ವರ್ಷ ಕಟ್ಟಿಸುವ ಅಂದರು. ಅಮ್ಮ ಹೆಬ್ಬೆಟ್ಟು ಒತ್ತಿ ಬಂದಳು, ಅವಳಿಗೆ ಅದು ಎಂತ ಅಂತ ಓದ್ಲಿಕ್ಕೆ ಗೊತ್ತಿಲ್ಲ. ಬರುವ ವರ್ಷ ಬರಲೇ ಇಲ್ಲ. ನಾನು ಕ್ಲೀನರಾಗಿ ಬಸ್ಸು ಹತ್ತಿದೆ." ಅವರ ಎಡಗೈ ತಾನಾಗಿ ಮೇಲಕ್ಕೆ ಹೋಗಿತ್ತು. "ಫೇಲಾಗಲಿಕ್ಕೂ ಒಂದು ಹಾಲ್ ಟಿಕೆಟ್ ಬೇಕು ಟೀಚರೇ. ಅದನ್ನೂ ಇವರಿಗೆ ಕೊಡದೆ ಇರುವುದು ಬೇಡ."

ಅವರು ನೋಡಿದ್ದು ನನ್ನನ್ನೇ. ಮುಖ್ಯೋಪಾಧ್ಯಾಯರನ್ನಲ್ಲ.

"ಫೇಲಾದರೆ ಹೊಣೆ ಯಾರು?" ಎಂದರು ಮುಖ್ಯೋಪಾಧ್ಯಾಯರು.

"ನಾನು. ಬರೆದು ಕೊಡ್ತೇನೆ."

ನನ್ನ ಕರಡಿನ ಮೇಲೆ ಒಂದು ಅಡ್ಡಗೆರೆ ಎಳೆದು, ಅದರ ಕೆಳಗೆ ಅವರೇ ಬರೆದರು: ಮೂವರೂ ಮಕ್ಕಳು ಪರೀಕ್ಷೆಗೆ ಕೂರುವುದು, ಹೊಣೆ ಕಾರ್ಯಾಧ್ಯಕ್ಷನದು. ಆ ದಿನ ಬಸ್ಸು ಎಂಟು ನಿಮಿಷ ತಡವಾಗಿ ಹೊರಟಿತು. ಅಲ್ಲಿಯವರೆಗೆ ಹಾಗೆ ಆದದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ನಾನು ಬಸ್ಸು ಹತ್ತಿದಾಗ ಅವರ ಮುಖ ನೋಡಲಿಕ್ಕಾಗದೆ ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಶಿರ್ವ ದಾಟಿದ ಮೇಲೆ ಪಕ್ಕದಲ್ಲಿ ಬಂದು ನಿಂತರು. ಬೈಯುತ್ತಾರೆಂದುಕೊಂಡೆ.

"ಟೀಚರೇ, ಹೊಣೆ ನನ್ನದು ಅಂತ ಬರೆದದ್ದೇನೋ ಬರೆದೆ. ಆದರೆ ನನಗೆ ಗಣಿತ ಬರುವುದಿಲ್ಲ. ಈಗ ಎಂತ ಮಾಡುವ?"

ಆ "ಮಾಡುವ" ಎಂಬ ಮಾತಿನಲ್ಲಿ ಅವರು ನನ್ನನ್ನೂ ಸೇರಿಸಿಕೊಂಡಿದ್ದರು. ಪಟ್ಟಿ ಬರೆದವಳನ್ನು!

ಮರುವಾರದಿಂದ ಬಸ್ಸಿನ ಹಿಂದಿನ ಉದ್ದ ಸೀಟು ನಮ್ಮದಾಯಿತು. ಮೂವರೂ ಶಿರ್ವದ ಸುತ್ತಮುತ್ತ ಹತ್ತುವವರು. ಅಲ್ಲಿಂದ ಶಾಲೆಗೆ ಇಪ್ಪತ್ತು ನಿಮಿಷದ ದಾರಿ, ಸಂಜೆ ಮತ್ತೆ ಇಪ್ಪತ್ತು. ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ ಕಂಡಕ್ಟರು, "ಸ್ವಲ್ಪ ಮುಂದೆ ಬನ್ನಿ, ಇದು ಹತ್ತನೇ ಕ್ಲಾಸು" ಎಂದು ಎಬ್ಬಿಸುತ್ತಿದ್ದರು. ಬರೆಯುವುದು ಆಗುತ್ತಿರಲಿಲ್ಲ, ಕುಲುಕಾಟಕ್ಕೆ ಪೆನ್ನು ನಿಲ್ಲುತ್ತಿರಲಿಲ್ಲ. ಹಾಗಾಗಿ ಬಾಯಿಲೆಕ್ಕ, ಸೂತ್ರ, ಮಗ್ಗಿ. ಕೆಲವು ದಿನಗಳಲ್ಲಿ ಬಸ್ಸಿಡೀ ಕೇಳಿಸಿಕೊಳ್ಳಲು ಶುರು ಮಾಡಿತು. ಮೀನು ಮಾರುವ ಒಬ್ಬ ಹೆಂಗಸು ಶೇಕಡಾ ಲೆಕ್ಕಕ್ಕೆ ಮಕ್ಕಳಿಗಿಂತ ಮೊದಲೇ ಉತ್ತರ ಹೇಳಿಬಿಡುತ್ತಿದ್ದಳು. "ನೀವು ಸುಮ್ಮನಿರಿ ಅಕ್ಕ, ನಿಮಗೆ ಪರೀಕ್ಷೆ ಇಲ್ಲ" ಎಂದು ಕಂಡಕ್ಟರು ಅವಳನ್ನು ಗದರಿಸಬೇಕಾಗುತ್ತಿತ್ತು. ಅವರು ಟಿಕೆಟ್ ಕೊಡುತ್ತ ಕೊಡುತ್ತ ಕಿವಿಯನ್ನು ಹಿಂದಕ್ಕೇ ಇಟ್ಟಿರುತ್ತಿದ್ದರು. ಒಂದು ದಿನ ಪೈಥಾಗೊರಸನ ಪ್ರಮೇಯ ಹೇಳುವಾಗ ಶಾಲಿನಿ ತಡವರಿಸಿದಳು. ಬಸ್ಸಿನ ಮುಂದಿನಿಂದ ಅವರ ದನಿ ಬಂತು: "ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ!" ಇಡೀ ಬಸ್ಸು ತಿರುಗಿ ನೋಡಿತು. ಅವರು ನಾಚಿಕೊಂಡು, "ದಿನಾ ಕೇಳಿ ಕೇಳಿ ಬಾಯಿಗೆ ಬಂತು" ಎಂದರು.

ಶಾಲಿನಿ ಸ್ಟಾಪಿನಲ್ಲಿ ಕಾಣಿಸದ ದಿನ ಅವರು ಬಸ್ಸು ನಿಲ್ಲಿಸಿ ಅವಳ ಮನೆಯ ಓಣಿಗೆ ಇಳಿದುಹೋಗುತ್ತಿದ್ದರು. ಡ್ರೈವರು ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದ. ಒಮ್ಮೆ ಪ್ರಯಾಣಿಕರೊಬ್ಬರು ಸಿಟ್ಟಾದರು.

"ನನಗೆ ಕಾರ್ಕಳ ಕೋರ್ಟಿಗೆ ಹೋಗ್ಲಿಕ್ಕುಂಟು ಮಾರಾಯ! ಇದು ಬಸ್ಸಾ, ಶಾಲೆಯ ವ್ಯಾನಾ?"

"ನಿಮ್ಮ ಕೇಸು ಹನ್ನೆರಡು ವರ್ಷದಿಂದ ಉಂಟು, ಇನ್ನೂ ಇರ್ತದೆ. ಅವಳ ಪರೀಕ್ಷೆ ಮಾರ್ಚಿನಲ್ಲಿ" ಎಂದರು ಕಂಡಕ್ಟರು. ಬಸ್ಸಿಡೀ ನಕ್ಕಿತು. ಕೋರ್ಟಿನವರೂ ನಕ್ಕರು. ಎಷ್ಟೇ ತಡವಾದರೂ ಕಾರ್ಕಳಕ್ಕೆ ಸಮಯಕ್ಕೆ ಮುಟ್ಟಿಸುವುದು ಡ್ರೈವರನ ಜವಾಬ್ದಾರಿಯಾಗಿತ್ತು, ಅವನು ಮುಟ್ಟಿಸಿದ. ಅಜ್ಜಿಯ ಪಕ್ಕದಲ್ಲಿ ಹಗಲು ಕೂರಲು ನೆರೆಮನೆಯ ಹೆಂಗಸೊಬ್ಬಳನ್ನು ಒಪ್ಪಿಸಿದ್ದೂ ಕಂಡಕ್ಟರೇ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವರಾಗಿ ಹೇಳಲಿಲ್ಲ.

ಫಲಿತಾಂಶ ಬಂತು. ಮೂವರಲ್ಲಿ ಇಬ್ಬರು ಪಾಸಾದರು. ಶಾಲಿನಿ ಗಣಿತದಲ್ಲಿ ಫೇಲಾದಳು. ನೂರಕ್ಕೆ ನೂರು ತಪ್ಪಿತು. ಮಣಿಪಾಲದ ಸಮಾರಂಭಕ್ಕೆ ಪಕ್ಕದ ಊರುಗಳ ಶಾಲೆಗಳು ಶಾಲು ಹೊದ್ದುಕೊಳ್ಳಲು ಹೋದವು, ನಮಗೆ ಕರೆಯಿರಲಿಲ್ಲ. ದುಬೈಯವರು ಬಸ್ಸಿನಲ್ಲೇ ಎಲ್ಲರ ಎದುರು, "ಕಾರ್ಯಾಧ್ಯಕ್ಷರ ಹಟಕ್ಕೆ ಶಾಲೆಯ ಹೆಸರು ಹೋಯ್ತು" ಎಂದರು. ಕಂಡಕ್ಟರು ಟಿಕೆಟ್ ಹರಿದು ಕೊಟ್ಟರು.

ಮಾರನೆಯ ದಿನ ಅವರಿಗೆ ರಜೆ. ನನ್ನನ್ನು ಕರೆದುಕೊಂಡು ಶಾಲಿನಿಯ ಮನೆಗೆ ಹೋದರು. ಅವಳು ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ. ಬಾವಿಕಟ್ಟೆಯ ಹತ್ತಿರ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದಳು. ಅವರು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

"ಎಷ್ಟು ಬಂತು ಮಗಾ?"

"ಇಪ್ಪತ್ತನಾಲ್ಕು."

"ಪಾಸಿಗೆ ಎಷ್ಟು ಬೇಕು?"

"ಇಪ್ಪತ್ತೆಂಟು."

"ಡಿಸೆಂಬರಿನಲ್ಲಿ ಎಷ್ಟಿತ್ತು?"

ಅವಳು ಮುಖವೆತ್ತದೆ, "ಆರು" ಎಂದಳು.

"ಹಾಗಾದರೆ ಹದಿನೆಂಟು ಸ್ಟಾಪ್ ಬಂದಿದ್ದೀ. ಇನ್ನು ಉಳಿದದ್ದು ನಾಲ್ಕು. ಇಲ್ಲಿ ಇಳಿಯುವವರು ಯಾರಾದರೂ ಉಂಟಾ?"

ಅವಳು ಇಲ್ಲವೆಂಬಂತೆ ತಲೆಯಲ್ಲಾಡಿಸಿ ಒಳಗೆ ಹೋಗಿ ಗಂಜಿ ಬಡಿಸಿಕೊಂಡಳು. ನಾನು ಅಷ್ಟು ವರ್ಷ ಪಾಠ ಹೇಳಿದವಳು. ಸೋತ ಮಗುವಿನ ಎದುರು ಅಷ್ಟು ಸರಿಯಾದ ಲೆಕ್ಕವನ್ನು ಯಾರೂ ಮಾಡಿದ್ದನ್ನು ಕಂಡಿರಲಿಲ್ಲ.

ಈಗ ಅದೇ ವರ್ಷದಲ್ಲಿ ಎರಡನೆಯ ಪರೀಕ್ಷೆ ಬರೆಯುವ ಅವಕಾಶ ಉಂಟಲ್ಲ. ರಜೆಯ ದಿನಗಳಲ್ಲೂ ನಾನು ಉಡುಪಿಯಿಂದ ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಯಾರೂ ಹೇಳಿದ್ದಲ್ಲ. ಮಳೆ ಶುರುವಾಗುವ ಹೊತ್ತಿಗೆ ಶಾಲಿನಿ ಪಾಸಾದಳು, ಗಣಿತದಲ್ಲಿ ನಲವತ್ತೊಂದು. ಆ ಸಂಗತಿ ಯಾವ ಫಲಕಕ್ಕೂ ಸೇರಲಿಲ್ಲ. ಕಂಡಕ್ಟರು ಆ ದಿನ ಬಸ್ಸಿನಲ್ಲಿ ಹತ್ತಿದ ಪ್ರತಿಯೊಬ್ಬರಿಗೂ, ಕೋರ್ಟಿನವರಿಗೂ ದುಬೈಯವರಿಗೂ, ಒಂದೊಂದು ಪೆಪ್ಪರ್‌ಮಿಂಟು ಕೊಟ್ಟರು. ದುಬೈಯವರು ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ ಬಾಯಿಗೆ ಹಾಕಿಕೊಂಡರು.

ಮುಂದಿನ ವರ್ಷ ನನಗೆ ಕಾಪುವಿನ ಕಡೆಯ ಶಾಲೆಗೆ ವರ್ಗವಾಯಿತು. ಅವರ ಬಸ್ಸು ತಪ್ಪಿತು. ಆಗೊಮ್ಮೆ ಈಗೊಮ್ಮೆ ಫೋನು. ಕಳೆದ ವರ್ಷ ಅವರ ಮಗಳು ಫೋನು ಮಾಡಿ, ಅಪ್ಪನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದೇವೆ, ಎರಡೂ ಕಿಡ್ನಿ ಕೈಕೊಟ್ಟಿವೆ ಎಂದಳು. ಟ್ರಿಪ್ಪು ತಪ್ಪಬಾರದೆಂದು ವರ್ಷಗಟ್ಟಲೆ ನೀರು ಕುಡಿಯದೆ ದುಡಿದ ಮನುಷ್ಯ. ಒಂದು ಶನಿವಾರ ಮಧ್ಯಾಹ್ನ ನೋಡಲು ಹೋದೆ.

ಅವರನ್ನು ಮಲಗಿದ ಭಂಗಿಯಲ್ಲಿ ನಾನೆಂದೂ ಕಂಡಿರಲಿಲ್ಲ. ಮೈ ಅರ್ಧಕ್ಕೆ ಇಳಿದಿತ್ತು. ತಮ್ಮ ಕಾಯಿಲೆಯ ಬಗ್ಗೆ ಕೇಳಿದರೆ "ಅದಿರಲಿ" ಎಂದರು. "ನಿಮ್ಮ ಹೊಸ ಶಾಲೆ ಹೇಗುಂಟು? ಎಲ್ಲರೂ ಬರ್ತಾರಾ?"

ಸುಳ್ಳು ಹೇಳಬಹುದಿತ್ತು. ಆದರೆ ಅವರ ಎದುರು ಬರಲಿಲ್ಲ. "ಹತ್ತನೆಯ ಒಬ್ಬಳು ಮೂರು ವಾರದಿಂದ ಬರ್ತಾ ಇಲ್ಲ. ಮೀನು ಒಣಗಿಸುವ ಕೆಲಸಕ್ಕೆ ಹೋಗ್ತಾಳಂತೆ" ಎಂದೆ.

"ಮನೆ ಎಲ್ಲಿ?"

"ಲೈಟ್‌ಹೌಸಿನಿಂದ ಸ್ವಲ್ಪ ತೆಂಕಕ್ಕೆ. ನಾನಿನ್ನೂ ಹೋಗಿಲ್ಲ."

ಅವರು ಗೋಡೆಯ ಗಡಿಯಾರ ನೋಡಿದರು. "ಹಾಗಾದರೆ ಇಲ್ಲಿ ಎಂತಕ್ಕೆ ಕೂತಿದ್ದೀರಿ ಟೀಚರೇ? ನಾಲ್ಕು ಹತ್ತಕ್ಕೆ ಮಂಗಳೂರಿನ ಬಸ್ಸು ಉಂಟು. ಕಾಪುವಿನಲ್ಲಿ ನಿಲ್ಲಿಸ್ತಾನೆ. ಏಳಿ, ಹೊರಡಿ."

ಈಗಷ್ಟೇ ಬಂದದ್ದು, ಇನ್ನೊಂದು ಗಳಿಗೆ ಕೂರುತ್ತೇನೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಎದ್ದೆ. ನಾಲ್ಕು ಹತ್ತರ ಬಸ್ಸು ಸಿಕ್ಕಿತು. ಆ ಸಂಜೆ ಕಡಲ ಬದಿಯ ಆ ಮನೆಯನ್ನು ಹುಡುಕಿ, ತಾಯಿಯ ಜತೆ ಕತ್ತಲಾಗುವವರೆಗೆ ಮಾತಾಡಿದೆ. ಸೋಮವಾರ ಹುಡುಗಿ ಶಾಲೆಗೆ ಬಂದಳು, ಕೈಯಿಂದ ಒಣಮೀನಿನ ವಾಸನೆ ಹೋಗಿಲ್ಲವೆಂದು ಹಿಂದಿನ ಬೆಂಚಿನಲ್ಲಿ ಕೂತಳು. ನಾನೇ ಮುಂದಕ್ಕೆ ಕರೆದು ಕೂರಿಸಿದೆ. ಈ ವಿಷಯ ಹೇಳಲು ಗುರುವಾರ ಮತ್ತೆ ಮಣಿಪಾಲಕ್ಕೆ ಹೋಗುವುದೆಂದು ಅಂದುಕೊಂಡಿದ್ದೆ. ಬುಧವಾರ ಬೆಳಿಗ್ಗೆ ಅವರ ಮಗಳ ಫೋನು ಬಂತು.

ಹಾಗಾಗಿ ಅವರು ನನಗೆ ಹೇಳಿದ ಕೊನೆಯ ಮಾತು ಒಂದು ಬಸ್ಸಿನ ಸಮಯ, ಮತ್ತು ಹೊರಡಿ ಎಂಬ ಅಪ್ಪಣೆ. ಹುಡುಗಿ ಬಂದಳೋ ಇಲ್ಲವೋ ಎಂದು ಅವರಿಗೆ ಗೊತ್ತಾಗಲೇ ಇಲ್ಲ. ನಾನು ಹೋಗಿರುತ್ತೇನೆಂದು ಮಾತ್ರ ಅವರಿಗೆ ಗೊತ್ತಿತ್ತು ಎಂದುಕೊಳ್ಳುತ್ತೇನೆ. ನನ್ನ ಬಗ್ಗೆ ನನಗಿಲ್ಲದ ಆ ನಂಬಿಕೆ ಅವರಿಗಿತ್ತು.